ಕೈ ತೊಳೆಯುವಷ್ಟು ಹೊತ್ತು

ಹೋಟೆಲಿನಲ್ಲಿ ಉಂಡ ಮೇಲೆ ನಾನು ಕೈ ತೊಳೆಯುವಷ್ಟು ಹೊತ್ತಿನಲ್ಲಿ ಬೇರೆಯವರು ಸ್ನಾನವನ್ನೇ ಮುಗಿಸಿ ಬರಬಹುದು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಮನೆಯಲ್ಲಾದರೆ ಎರಡು ಬೆರಳು ಅದ್ದಿ ಎದ್ದುಬಿಡುತ್ತೀರಿ ಎಂಬ ಮಾತನ್ನೂ ಅದರ ಹಿಂದೆಯೇ ಸೇರಿಸುತ್ತಾಳೆ. ಎರಡೂ ನಿಜ. ಶುಚಿತ್ವದಲ್ಲಿ ನನಗಿರುವ ಈ ಅರೆಕಾಲಿಕ ಶ್ರದ್ಧೆಯನ್ನು ಯಾರೂ ಗಮನಿಸಿಲ್ಲ ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಗುಂಪಿನಲ್ಲಿ ಉಣ್ಣಲು ಹೋದವರಿಗೆಲ್ಲ ಗೊತ್ತಿರುವ ವಿಷಯವಿದು: ನಲ್ಲಿಯಿಂದ ಗಲ್ಲಾದವರೆಗಿನ ಹತ್ತು ಹೆಜ್ಜೆಗಳಲ್ಲಿ ಮನುಷ್ಯ ಏನೆಂಬುದು ಬಯಲಾಗಿಬಿಡುತ್ತದೆ. ಕೆಲವರು ಸೋಂಪಿನ ತಟ್ಟೆಯಲ್ಲಿ ಒಂದೊಂದೇ ಕಾಳು ಹೆಕ್ಕುತ್ತ ನಿಲ್ಲುತ್ತಾರೆ. ಕೆಲವರಿಗೆ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಇದ್ದಕ್ಕಿದ್ದಂತೆ ಆಸಕ್ತಿ ಹುಟ್ಟುತ್ತದೆ. ನಾನು ಕೈ ತೊಳೆಯುತ್ತೇನೆ.

ಧಾರವಾಡದಲ್ಲಿ ಎಂ.ಎ. ಮುಗಿಸಿಕೊಂಡು ಬಂದು ಹುಟ್ಟೂರು ಬಳ್ಳಾರಿಯ ಒಂದು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದ್ದೆ. ಎಪ್ಪತ್ತರ ದಶಕದ ಮೊದಲ ವರ್ಷಗಳು. ನಮ್ಮೂರಿನಲ್ಲಿ ಆಗ ಒಟ್ಟಿಗೆ ಉಂಡವರು ದುಡ್ಡು ಹಂಚಿಕೊಳ್ಳಲು ಒಂದು ಕ್ರಮವಿತ್ತು. ಮೊದಲು ಗಲ್ಲಾದ ಹತ್ತಿರ ಹೋದವನು ಜೇಬಿಗೆ ಕೈ ಹಾಕಿ ನಾಲ್ಕು ಜನಕ್ಕೆ ಕೇಳುವಂತೆ "ಎಲ್ಲಾ ಸೇರಿ ಎಷ್ಟಾತ್ರಿ?" ಎನ್ನಬೇಕು. ಆ ಕ್ಷಣವೇ ಇನ್ನೊಬ್ಬ ಓಡಿಬಂದು ಅವನ ಮಣಿಕಟ್ಟು ಹಿಡಿಯಬೇಕು. "ಏ, ನೀವ್ಯಾಕ ಕೊಡ್ತೀರಿ? ತಗೀರಿ ಕೈ!" ಇವನು ಕೊಸರಬೇಕು, ಅವನು ಬಿಡಬಾರದು. ಹೊಸಬರು ನೋಡಿದರೆ ಪೊಲೀಸರನ್ನು ಕರೆಯಬೇಕು, ಅಷ್ಟರಮಟ್ಟಿಗೆ ಎಳೆದಾಟವಾದ ಮೇಲೆ, ಕೈ ಹಿಡಿದವನು "ಜಗಳ್ಯಾಕ, ಎಲ್ಲಾರೂ ಸೇರಿ ಕೊಡೋಣ ಬಿಡ್ರಿ" ಎನ್ನಬೇಕು. ಆಗ ಸುತ್ತ ನಿಂತವರ ಜೇಬುಗಳೆಲ್ಲ ಒಟ್ಟಿಗೆ ಬಾಯಿ ತೆರೆಯುತ್ತವೆ. ಇದರಲ್ಲಿ ಮುಖ್ಯವಾದದ್ದು ಒಂದೇ. ಹಂಚಿಕೊಳ್ಳುವ ಮಾತು ಜೇಬಿಗೆ ಕೈ ಹಾಕಿದವನ ಬಾಯಿಂದ ಬರುವಂತಿಲ್ಲ, ಕೈ ಹಿಡಿದವನಿಂದಲೇ ಬರಬೇಕು. ಯಾರೂ ಕೈ ಹಿಡಿಯದಿದ್ದರೆ ಮೊದಲನೆಯವನು ಸಿಕ್ಕಿಬಿದ್ದಂತೆಯೇ. ಹಾಗೆ ಯಾರೂ ಸಿಕ್ಕಿಬೀಳುತ್ತಿರಲಿಲ್ಲ. ಮಿರ್ಚಿ ತಿನ್ನಲು ಕಲಿಯುವ ವಯಸ್ಸಿನಲ್ಲೇ ಬಳ್ಳಾರಿಯ ಮಕ್ಕಳು ಇದನ್ನೂ ಕಲಿತಿರುತ್ತಿದ್ದರು.

ನಮ್ಮ ಕಚೇರಿಯಲ್ಲಿ ಎರ್ರಿಸ್ವಾಮಿಯವರೆಂಬ ಹಿರಿಯ ಗುಮಾಸ್ತರಿದ್ದರು. ನನಗಿಂತ ಇಪ್ಪತ್ತು ವರ್ಷವಾದರೂ ದೊಡ್ಡವರು. ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು, ಬುತ್ತಿಯಲ್ಲಿ ರೊಟ್ಟಿ ತರುತ್ತಿದ್ದರು, ನಮ್ಮೊಂದಿಗೆ ಹೋಟೆಲಿಗೆ ಬಂದವರಲ್ಲ. ಆ ಡಿಸೆಂಬರಿನಲ್ಲಿ ಹತ್ತು ದಿನ ನಮ್ಮ ಪ್ರಾಣ ತಿಂದ ಆಡಿಟ್‌ನವರು ಒಂದು ಮಧ್ಯಾಹ್ನ ಹೊರಟುಹೋದರು. ಆ ಸಂತೋಷಕ್ಕೆ ಎಂಟು ಜನ ಊಟಕ್ಕೆ ಎದ್ದೆವು. ಎರ್ರಿಸ್ವಾಮಿಯವರು ತಮ್ಮ ಬುತ್ತಿಗೆ ಕೈ ಹಾಕಿದ್ದನ್ನು ಕಂಡು ಪಂಪನಗೌಡ ಅಡ್ಡ ನಿಂತ. ಅವನು ಸಿರಿಗೇರಿಯವನು, ನನ್ನ ವಯಸ್ಸಿನವನು. ಅವನ ಮನೆಗೆ ಎರಡು ಬೆಳೆಯ ಗದ್ದೆಯಿತ್ತು. ಹಾಗಾಗಿ ಸಂಬಳವೆಂದರೆ ಅವನಿಗೆ ಎಲೆ ಅಡಿಕೆಯ ಖರ್ಚು.

"ಬರ್ರೀ ಎರ್ರಿಸ್ವಾಮಿ, ಒಂದಿನ ನೀವು ರೊಟ್ಟಿ ಗಂಟು ಬಿಚ್ಚಲಿಲ್ಲಂದ್ರ ಕುರುಗೋಡೇನು ಮುಣುಗಂಗಿಲ್ಲ."

ಬಂದರು. ಉಣ್ಣುವಾಗ ಅವರು ಹೇಳಿದ್ದು ನನಗೆ ಕೇಳಿದಂತೆಯೇ ಇದೆ. "ನಾ ಲಗೂನ ಏಳ್ತೀನ್ರಿ. ಮಗಳಿಗೆ ಬೋರ್ಡಿನ ಮ್ಯಾಲಿಂದು ಕಾಣಂಗಿಲ್ಲಂತ. ಕನ್ನಡಕ ಮಾಡಾಕ ಕೊಟ್ಟೀನಿ, ಇವತ್ತು ಬಿಡಿಸ್ಕೊಂಡು ನಾಕರ ಬಸ್ಸು ಹಿಡೀಬೇಕು." ಅದಕ್ಕೆ ಪಂಪನಗೌಡ, "ಕಾಣದಿದ್ರ ಒಳ್ಳೇದ ಬಿಡ್ರಿ. ನಾ ಎಲ್ಲಾ ಕಂಡೂ ಏನ್ ಕಲ್ತೆ?" ಎಂದ. ನಾವು ನಕ್ಕೆವು. ಹೀಗೆ ನೆನಪಿದೆ. ಆದರೆ ಇದನ್ನು ಊಟದ ಮೇಜಿನಲ್ಲೇ ಕೇಳಿದೆನೋ, ಆಮೇಲೆ ಗೌಡನ ಬಾಯಿಂದ ಕೇಳಿದ್ದನ್ನು ನೆನಪು ತಾನಾಗಿ ಮೇಜಿಗೆ ತಂದು ಬಡಿಸಿತೋ, ಆಣೆ ಮಾಡಿ ಹೇಳಲಾರೆ. ಇದು ಯಾಕೆ ಮುಖ್ಯವೆಂಬುದು ಮುಂದೆ ತಿಳಿಯುತ್ತದೆ.

ಎರ್ರಿಸ್ವಾಮಿಯವರು ಮೊದಲು ಎದ್ದರು. ಅವರ ಹಿಂದೆ ನಾನು. ಉಳಿದ ಆರು ಜನ ಇನ್ನೂ ಮೊಸರನ್ನದಲ್ಲಿದ್ದರು. ನಾನು ಕೈ ತೊಳೆದು ತಿರುಗುವಷ್ಟರಲ್ಲಿ ಅವರು ಗಲ್ಲಾದ ಮುಂದೆ ನಿಂತು, ಜೇಬಿಗೆ ಕೈ ಹಾಕಿ, ಕ್ರಮದಂತೆ "ಎಲ್ಲಾ ಸೇರಿ ಎಷ್ಟಾತ್ರಿ?" ಎಂದರು. ಎಂದು ಸ್ವಲ್ಪ ನನ್ನ ಕಡೆ ತಿರುಗಿದರು. ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಕೈ ಒದ್ದೆಯಾಗಿತ್ತು. ನಾನು ಹೋಗಿ ಹಿಡಿಯಲಿಲ್ಲ.

ಯಾಕೆ ಹಿಡಿಯಲಿಲ್ಲ ಎಂಬುದನ್ನು ನಾನು ಎಷ್ಟೋ ಜನರಿಗೆ ಸೊಗಸಾಗಿ ಹೇಳಿದ್ದೇನೆ. ಹಾಸ್ಟೆಲಿನ ಮೆಸ್ಸಿನಲ್ಲಿ ಕೂಪನ್ ಹರಿದುಕೊಟ್ಟು ಉಂಡವನು ನಾನು, ಅಲ್ಲಿ ಯಾರ ಕೈಯನ್ನೂ ಯಾರೂ ಹಿಡಿಯುತ್ತಿರಲಿಲ್ಲ. ಪುಸ್ತಕ ಓದಿ ಓದಿ, ಜನ ಆಡಿದ್ದನ್ನೇ ಅವರ ಮನಸ್ಸೆಂದು ತಿಳಿಯುವ ರೋಗ ಅಂಟಿಸಿಕೊಂಡಿದ್ದೆ. ಹಿರಿಯರು ಸಂತೋಷದಿಂದ ಕೊಡುತ್ತಿದ್ದಾರೆ, ನಡುವೆ ಬಾಯಿ ಹಾಕುವುದು ಸಭ್ಯತೆಯಲ್ಲ ಎಂದುಕೊಂಡೆ. ಹೀಗೆ ಹೇಳಿದಾಗಲೆಲ್ಲ ಕೇಳಿದವರು ನಕ್ಕಿದ್ದಾರೆ. ಎಂ.ಎ. ಮಾಡಿದವನ ದಡ್ಡತನವೆಂದರೆ ಎಲ್ಲರಿಗೂ ಖುಷಿ.

ಗಲ್ಲಾದವನು ಮೊತ್ತ ಹೇಳಿದ. ಎರ್ರಿಸ್ವಾಮಿಯವರು "ಇನ್ನೊಮ್ಮೆ ನೋಡ್ರಿ" ಎಂದರು. ಅವನು ಮತ್ತೆ ಕೂಡಿ ಅಷ್ಟೇ ಹೇಳಿದ. ಯಾರೂ ಇನ್ನೂ ಎದ್ದಿರಲಿಲ್ಲ. "ಒಂದು ಮಜ್ಜಿಗಿ ಬಿಟ್ಟೀರಿ ನೋಡ್ರಿ" ಎಂದರು. ಹೊತ್ತು ಕಳೆಯಲು ತಮ್ಮ ತಲೆಯ ಮೇಲಿನ ಬಿಲ್ಲನ್ನು ತಾವೇ ಏರಿಸಿದ ಇನ್ನೊಬ್ಬರನ್ನು ನಾನು ಕಂಡಿಲ್ಲ. ಗಲ್ಲಾದವನು ಇಂಥ ಪ್ರಾಮಾಣಿಕರು ಈಗ ಸಿಗುವುದಿಲ್ಲವೆಂದು ಹೊಗಳಿ ಮಜ್ಜಿಗೆಯನ್ನೂ ಸೇರಿಸಿದ. ಅವರು ಕೊಟ್ಟರು.

ಪಂಪನಗೌಡ ಕೈ ಒರೆಸಿಕೊಳ್ಳುತ್ತ ಬಂದ. "ಏನ್ರೀ, ಕೊಟ್ಟಬಿಟ್ರೇನು? ಏನ್ ವಿಶೇಷ?"

"ಏನಿಲ್ರಿ, ಹಂಗ ಸುಮ್ನ. ಮಗಳು ಪಾಸಾದ್ಲು."

"ಡಿಸೆಂಬರ್‌ನಾಗ ಯಾವ ಪರೀಕ್ಷಿರಿ?"

"ಅರ್ಧ ವರ್ಷದ್ದು."

"ಅರ್ಧ ವರ್ಷಕ್ಕ ಎಂಟು ಮಂದಿ ಊಟ! ಪೂರ್ತಿ ಪಾಸಾದ್ರ ಹೋಳಿಗಿ ಊಟಾನ ಮತ್ತ!"

ಎಲ್ಲರೂ ಅವರ ಬೆನ್ನು ತಟ್ಟಿದರು. ನಾನು ಅಭಿನಂದನೆಗಳು ಎಂದು ಶುದ್ಧ ಕನ್ನಡದಲ್ಲಿ ಹೇಳಿದೆ.

ಮರುದಿನದಿಂದ ಅವರು ಮತ್ತೆ ರೊಟ್ಟಿಗೆ ಮರಳಿದರು. ಯಾರಾದರೂ ಊಟಕ್ಕೆ ಕರೆದರೆ "ಹೊಟ್ಟಿ ಸರಿ ಇಲ್ರಿ" ಎಂದು ಹೇಳಿ, ಅದೇ ಸರಿಯಿಲ್ಲದ ಹೊಟ್ಟೆಗೆ ದಾಖಲೆಗಳ ಕೋಣೆಯಲ್ಲಿ ಕೂತು ರೊಟ್ಟಿ ಹಾಕುತ್ತಿದ್ದರು. ಮೂರು ವಾರವಾಗಿತ್ತು, ಪಂಪನಗೌಡ ಯಾವುದೋ ಮದುವೆಗೆಂದು ಕುರುಗೋಡಿಗೆ ಹೋಗಿ ಬಂದವನು ನೇರವಾಗಿ ನನ್ನ ಮೇಜಿಗೆ ಬಂದ.

"ಲೇ, ಆ ಹುಡುಗಿ ಕನ್ನಡಕ ಇನ್ನಾ ಅಂಗಡ್ಯಾಗ ಐತಂತ. ಪಕ್ಕದಾಕಿ ಪುಸ್ತಕ ನೋಡಿ ಬರ್ಕಳ್ತಾಳಂತ. ಆವತ್ತು ಗಲ್ಲಾದ ಹತ್ರ ನೀನ ಇದ್ದೆಲ್ಲಾ? ಕೈ ಹಿಡಿಯಾಕ ಏನಾಗಿತ್ತು?"

"ನನಗೆ ತಿಳಿಯಲಿಲ್ಲಪ್ಪಾ."

"ತಿಳೀಲಿಲ್ಲಂತ! ಬಳ್ಳಾರ್ಯಾಗ ಹುಟ್ಟಿ ಬೆಳದಾವಗ ಇದನ್ನೂ ಧಾರವಾಡದಾಗ ಕಲಿಸ್ಬೇಕಿತ್ತೇನಲೇ?"

ಅವನೇ ಮುಂದೆ ನಿಂತು ಏಳೂ ಜನರಿಂದ ದುಡ್ಡು ಸೇರಿಸಿದ. ಇಬ್ಬರೂ ಹೋಗಿ ಎರ್ರಿಸ್ವಾಮಿಯವರ ಮುಂದೆ ಇಟ್ಟೆವು. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. "ಅದು ಮಗಳು ಪಾಸಾಗಿದ್ದಕ್ಕ ಹಾಕಿಸಿದ ಊಟರಿ. ಈಗ ವಾಪಸ್ ತಗಂಡ್ರ ಆಕಿನ್ನ ನಾನ ಫೇಲ್ ಮಾಡಿದಂಗ ಆಗಂಗಿಲ್ಲೇನು?" ಎಂದರು. ಗೌಡ ದುಡ್ಡು ಎತ್ತಿಕೊಂಡು ಏಳೂ ಜನರಿಗೆ ಮರಳಿ ಹಂಚಿದ. ಹುಡುಗಿಗೆ ಕನ್ನಡಕ ಬಂದದ್ದು ಎರಡು ಸಂಬಳಗಳಾದ ಮೇಲೆ. ಅಷ್ಟು ದಿನ ಆ ಮಗು ಬೋರ್ಡಿನ ಮೇಲೆ ಏನು ಕಂಡಿತೋ, ನಾನು ಕೇಳುವ ಧೈರ್ಯ ಮಾಡಲಿಲ್ಲ.

ಎಂಬತ್ತರ ದಶಕದ ನಡುವೆ ನನಗೆ ಸಿರುಗುಪ್ಪಕ್ಕೆ ವರ್ಗವಾಯಿತು. ಅಲ್ಲಿಯ ಬಸ್ ನಿಲ್ದಾಣದಲ್ಲಿ ಒಂದು ದಿನ ಎರ್ರಿಸ್ವಾಮಿಯವರೇ ಎದುರಾದರು. ನಿವೃತ್ತರಾಗಿದ್ದರು. ಪಕ್ಕದಲ್ಲಿ ದಪ್ಪ ಕನ್ನಡಕದ ಮಗಳು. ಸಿರುಗುಪ್ಪದಲ್ಲೇ ಹೈಸ್ಕೂಲಿನ ಟೀಚರಂತೆ. ಇಷ್ಟು ವರ್ಷ ಕಾದದ್ದು ಈ ದಿನಕ್ಕೇ ಎನಿಸಿ, ಇಬ್ಬರನ್ನೂ ಹೆಚ್ಚುಕಡಿಮೆ ಎಳೆದುಕೊಂಡೇ ಹೋಟೆಲಿಗೆ ಹೋದೆ. ಬೇಡವೆಂದರೂ ತರಿಸಿದೆ. ಅಂದು ಕೈ ತೊಳೆಯಲೇ ಇಲ್ಲ, ಎಂಜಲು ಕೈಯನ್ನು ಎತ್ತಿ ಹಿಡಿದು ಎಡಗೈಯಲ್ಲಿ ಜೇಬು ತಡಕುತ್ತ ಗಲ್ಲಾಕ್ಕೆ ಓಡಿದೆ. ಹಿಂದಿನಿಂದ ಬಂದು ನನ್ನ ಮಣಿಕಟ್ಟು ಹಿಡಿದವರು ಎರ್ರಿಸ್ವಾಮಿಯವರು.

"ಏ, ನೀವ್ಯಾಕ ಕೊಡ್ತೀರಿ ಸಾರ್? ಇದು ನನ್ನ ಮಗಳ ಊರು!"

"ಬಿಡಿ, ಇವತ್ತು ನಾನು ಕೊಡಲೇಬೇಕು. ಆವತ್ತು ಬಳ್ಳಾರಿಯಲ್ಲಿ..."

"ಯಾವತ್ತು? ನನಗ ನೆಪ್ಪಿಲ್ಲ ಬಿಡ್ರಿ. ಕೈ ತಗೀರಿ ಮೊದ್ಲು!"

ಆ ವಯಸ್ಸಿನಲ್ಲಿ ಅವರಿಗೆ ಅಷ್ಟು ಬಲ ಎಲ್ಲಿತ್ತೋ. ನಾನು ಕೊಸರಿದೆ, ಅವರು ಬಿಡಲಿಲ್ಲ. ನಿಜವಾಗಿಯೂ ಅವರಿಗೆ ನೆನಪಿರಲಿಲ್ಲವೋ, ನನ್ನ ಮಾತನ್ನೂ ಹೀಗೇ ಹಿಡಿದು ನಿಲ್ಲಿಸಿದರೋ ಎಂದು ಇಂದಿಗೂ ಯೋಚಿಸುತ್ತೇನೆ. ನಮ್ಮ ಎಳೆದಾಟ ಮುಗಿಯುವ ಲಕ್ಷಣ ಕಾಣದಿದ್ದಾಗ ಮಗಳು ಕನ್ನಡಕ ಸರಿಮಾಡಿಕೊಳ್ಳುತ್ತ ಬಂದು, "ಸಾಕು ಬರ್ರೀ ಅಪ್ಪಾ, ಸಾರ್ ನೀವೂ ಬರ್ರಿ. ನಾ ಆಗಲೇ ಕೊಟ್ಟಾತು" ಎಂದಳು. ಹೀಗೆ ಅಪ್ಪನ ಋಣದ ಜೊತೆಗೆ ಮಗಳದ್ದೂ ನನ್ನ ತಲೆಗೆ ಬಂತು.

ಮುಂದಿನ ಭಾನುವಾರ ಹಳೆಯ ದಿನಚರಿಗಳ ಕಟ್ಟು ಬಿಚ್ಚಿದೆ. ಅಂದು ಊಟದ ಮೇಜಿನಲ್ಲೇ ಕನ್ನಡಕದ ಮಾತು ಬಂದಿತ್ತೇ, ಅಂದರೆ ನನಗೆ ಗೊತ್ತಿತ್ತೇ ಎಂಬುದಷ್ಟೇ ನನಗೆ ಬೇಕಿತ್ತು. ಆ ಪುಟ ಸಿಕ್ಕಿತು. "ಆಡಿಟ್ ಮುಗಿಯಿತು. ಎಂಟು ಜನ ಊಟಕ್ಕೆ ಹೋಗಿದ್ದೆವು. ಎರ್ರಿಸ್ವಾಮಿಯವರು ಎಲ್ಲರ ದುಡ್ಡು ಕೊಟ್ಟರು. ದೊಡ್ಡ ಮನಸ್ಸು. ಬದನೆಕಾಯಿ ಪಲ್ಯ ಚೆನ್ನಾಗಿತ್ತು." ಕನ್ನಡಕದ ಸುದ್ದಿಯಿಲ್ಲ. ನಿಟ್ಟುಸಿರು ಬಿಟ್ಟೆ. ಮುಚ್ಚಬೇಕೆನ್ನುವಾಗ ಕೆಳಗೆ, ಜಾಗ ಸಾಲದೆ ಸಣ್ಣದಾಗಿ ಬರೆದ ಇನ್ನೊಂದು ಸಾಲು ಕಂಡಿತು. "ಅವರು ಗಲ್ಲಾದ ಹತ್ತಿರ ನನ್ನ ಕಡೆ ನೋಡಿದರು. ನಾನು ಮತ್ತೆ ನಲ್ಲಿಗೆ ಹೋಗಿ ಇನ್ನೊಮ್ಮೆ ಕೈ ತೊಳೆದುಕೊಂಡೆ."

ನೆನಪಿನಲ್ಲಿ ಅಷ್ಟೂ ವರ್ಷ ನಾನು ನಾಲ್ಕು ಹೆಜ್ಜೆ ದೂರದಲ್ಲಿ, ಒದ್ದೆ ಕೈಯಲ್ಲಿ, ಏನೂ ತಿಳಿಯದವನಾಗಿ ನಿಂತೇ ಇದ್ದೆ.

"ಆಗಿನಿಂದ ಏನು ಓದಾಕ ಹತ್ತೀರಿ ಅಷ್ಟು?" ಎಂದು ಹೆಂಡತಿ ಒಳಗಿನಿಂದ ಕೇಳಿದಳು.

"ಏನಿಲ್ಲ, ಯಾವುದೋ ಹೋಟೆಲಿನ ನೀರಿನ ವಿಚಾರ" ಎಂದು ಪುಸ್ತಕ ಮುಚ್ಚಿದೆ.