ಬಿಸಿಲೂರಿನಾಗ ಬಿಸಿಲು ಕಮ್ಮಿ ಅಂದ್ರ ಯಾರು ನಂಬ್ತಾರ?

ಹಗರಿಬೊಮ್ಮನಹಳ್ಳಿಯ ಒಂದು ಸಣ್ಣ ದವಾಖಾನೆಯಲ್ಲಿ ಇಪ್ಪತ್ತು ವರ್ಷದಿಂದ ನಾನು ನರ್ಸ್. ಜ್ವರ ಅಂದರೆ ನಮ್ಮ ಹೆಂಗಸರು ನಂಬುತ್ತಾರೆ, ಸಕ್ಕರೆ ಕಾಯಿಲೆ ಅಂದರೂ ನಂಬುತ್ತಾರೆ. ಮುಟ್ಟು ನಿಂತ ಮೇಲೆ ಮೈಕೈ ನೋವು ಅಂತ ಬಂದವರಿಗೆ ‘ವಿಟಮಿನ್ ಡಿ ಕಮ್ಮಿ ಐತಿ’ ಅಂದೆವೋ, ನಮ್ಮನ್ನು ಕಳ್ಳರ ಹಾಗೆ ನೋಡುತ್ತಾರೆ. ತಿಂಗಳಿಗೊಂದಾದರೂ ಇಂಥದು ಆಗುತ್ತಲೇ ಇರುತ್ತದೆ.

ಯಾರ ರಕ್ತ?

ಗುಡೇಕೋಟೆ ಕಡೆಯ ಕುರಿ ಕಾಯುವ ಹೆಂಗಸೊಬ್ಬಳು ಸೊಂಟ ಹಿಡಿದುಕೊಂಡು ಬಂದಿದ್ದಳು. ರಿಪೋರ್ಟ್ ನೋಡಿ ಡಾಕ್ಟರಮ್ಮ, “ಬಿಸಿಲಿನಿಂದ ಮೈಗೆ ಸಿಗೋ ಸತ್ವ ನಿಮಗ ಕಮ್ಮಿ ಐತಿ” ಅಂದರು.

“ಬಿಸಿಲು ಕಮ್ಮಿನಾ? ನನಗಾ? ಹುಟ್ಟಿದಾಗಿಂದ ಕುರಿ ಹಿಂದ ಅದೀನಿ. ನೆರಳು ಕಮ್ಮಿ ಐತಿ ಅನ್ರಿ, ಒಪ್ಕೊಂತೀನಿ.”

“ವಯಸ್ಸಾದ ಮ್ಯಾಲೆ ಚರ್ಮಕ್ಕ ಮೊದಲಿನ ಶಕ್ತಿ ಇರಂಗಿಲ್ಲ. ಸಾಲದ್ದಕ್ಕ ತಲಿಯಿಂದ ಕಾಲಿನ ತನಕ ಸೀರಿ ಹೊದ್ದೀರಿ, ಬಿಸಿಲು ತಾಕೋದೆಲ್ಲಿ?”

ಆಕೆ ಡಾಕ್ಟರನ್ನು ಬಿಟ್ಟು ನನ್ನ ಕಡೆ ತಿರುಗಿದಳು. “ರಕ್ತ ತೆಗೆದಾಕಿ ನೀನ ಅಲ್ಲೇನು? ಖರೇ ಹೇಳು, ಶೀಶೆ ಅದಲು ಬದಲು ಆಗೈತಿ. ಇದು ಯಾರೋ ಬ್ಯಾಂಕಿನಾಗ ನೆರಳಿಗೆ ಕುಂತಾಕಿ ರಕ್ತ!”

ವಾರಕ್ಕೊಂದು

ಕೊಟ್ಟೂರಿನ ಅಂಗಡಿ ಮನೆತನದ ಹಿರಿಯ ಹೆಂಗಸಿಗೆ ಡಾಕ್ಟರಮ್ಮ ವಾರಕ್ಕೊಂದೇ ವಿಟಮಿನ್ ಡಿ ಗುಳಿಗೆ ಬರೆದಿದ್ದರು. ಆಕೆಗೆ ಅಲ್ಲೇ ಅನುಮಾನ.

“ದಿನಾ ಮೂರು ನುಂಗಿದ್ರೂ ಹೋಗದ ನೋವು ವಾರಕ್ಕ ಒಂದರಾಗ ಹೋಗ್ತೈತಾ? ನನ್ನ ಸಮಾಧಾನಕ್ಕ ಕೊಡಾಕತ್ತೀರಿ.”

“ವಾರದ್ದೆಲ್ಲಾ ಇದರಾಗ ಐತ್ರಿ. ಊಟ ಆದ ಮ್ಯಾಲೆ ತಗೊಳ್ರಿ. ನೆನಪಿರಂಗ ಒಂದು ದಿನ ಗೊತ್ತು ಮಾಡ್ಕೊಳ್ರಿ” ಅಂದೆ.

ಸೋಮವಾರ ಉಪವಾಸ. ಮಂಗಳವಾರ ಹೊಸದೇನೂ ಶುರು ಮಾಡುವುದಿಲ್ಲ. ನಡುವಿನ ದಿನಗಳಿಗೂ ಒಂದೊಂದು ನೆಪ. ಶನಿವಾರ ಅಂತೂ ಬೇಡವೇ ಬೇಡ. ನನಗೆ ಸಾಕಾಗಿ, “ಭಾನುವಾರ ತಗೊಳ್ರಿ” ಅಂದೆ.

ಆಕೆ ಕಣ್ಣು ಕಿರಿದು ಮಾಡಿ ನೋಡಿದರು. “ಭಾನುವಾರ ನಿಮ್ಮ ಡಾಕ್ಟರೇ ರಜಾ. ಗುಳಿಗಿ ಒಂದ ಕೆಲಸ ಮಾಡ್ತೈತೇನು?”

ಮಾಳಿಗೆ ಮೇಲಿನ ಅತ್ತೆ

ನಮ್ಮ ಓಣಿಯ ನಿವೃತ್ತ ಟೀಚರಮ್ಮ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡರು. ಎಲುಬು ಟೊಳ್ಳಾಗಿದೆ ಎಂದು ಡಾಕ್ಟರು ಮಾತ್ರೆ ಬರೆದು, ದಿನಾ ಅರ್ಧ ತಾಸು ಬಿಸಿಲಿಗೆ ಕೂರಲೂ ಹೇಳಿದರು. ಟೀಚರಮ್ಮ ಮಾಳಿಗೆ ಮೇಲೆ ಕುರ್ಚಿ ಹಾಕಿಸಿಕೊಂಡರು. ಮಂಗಗಳು ಮನೆಯೊಳಗೆ ನುಗ್ಗದಂತೆ ಸೊಸೆ ಮಾಳಿಗೆ ಬಾಗಿಲ ಚಿಲಕ ಹಾಕಿ ಕೆಳಗಿಳಿಯುತ್ತಿದ್ದಳು. ಆಡಿಕೊಳ್ಳಲು ಓಣಿಗೆ ಅಷ್ಟೇ ಸಾಕಾಯಿತು.

ಮೂರನೇ ದಿನ ನಾನು ಟೀಚರಮ್ಮನನ್ನು ನೋಡಲು ಹೋದಾಗ ಐದು ಜನ ಹೆಂಗಸರು ಪಡಸಾಲೆಯಲ್ಲಿ ನಿಂತಿದ್ದರು.

“ಮುರಿದ ಕೈ ಇರೋ ಅತ್ತೀನ ಸಂಡಿಗಿ ಒಣಗಿಸಿದಂಗ ಒಣಗಿಸ್ತೀಯಲ್ಲ, ಕರುಳಿಲ್ಲೇನು ನಿನಗ?” ಎದುರು ಮನೆಯಾಕೆಯದೇ ಜೋರು ದನಿ.

ಸೊಸೆಯ ಕಣ್ಣಲ್ಲಿ ನೀರು. ಮೇಲಿನಿಂದ ಟೀಚರಮ್ಮ, “ನಾನ ಕುಂತೀನ್ರೇ, ಸುಮ್ನ ಹೋಗ್ರಿ!” ಎಂದು ಕೂಗಿದರು.

“ನೋಡ್ರಿ, ಹೆದರಿಸಿ ಹೇಳಿಸ್ಯಾಳ” ಅಂದಳು ಮತ್ತೊಬ್ಬಳು.

ಕೊನೆಗೆ ನಾನು ಡಾಕ್ಟರ ಚೀಟಿ ತರಿಸಿ ಎಲ್ಲರಿಗೂ ಓದಿ ಹೇಳಿದೆ. ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಸೊಸೆ ಕಣ್ಣೊರೆಸಿಕೊಂಡು ನನಗೆ ಚಹಾ ಕೊಟ್ಟಳು.

ಹೊರಗೆ ಬಂದರೆ ಎದುರು ಮನೆಯಾಕೆ ಗೇಟಿನ ಹತ್ತಿರ ಕಾಯುತ್ತಿದ್ದಳು. ಅತ್ತಿತ್ತ ನೋಡಿ ನನ್ನ ಕೈ ಹಿಡಿದಳು.

“ಸಿಸ್ಟರ್, ನಮ್ಮತ್ತೀಗೂ ಒಂದು ಚೀಟಿ ಬರಸಿ ಕೊಡ್ರಿ. ಅರ್ಧ ತಾಸು ಬ್ಯಾಡ, ಮುಂಜಾನಿಂದ ಸಂಜೀ ಮಟ ಅಂತ ಬರಸ್ರಿ!”