ಹಾಲುಹಲ್ಲು ಹಿಡಿದ ಸೀಟು

ಪ್ರತಿಯೊಬ್ಬನಿಗೂ ತಾನು ಒಂದಲ್ಲ ಒಂದು ವಿದ್ಯೆಯಲ್ಲಿ ಪಂಡಿತ ಎಂಬ ಭ್ರಮೆ ಇರುತ್ತದೆ. ನನಗೆ ಎರಡರಲ್ಲಿತ್ತು. ಒಂದು, ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವುದು. ಹುಣಸೂರಿನ ಕಚೇರಿಗೂ ರಾವಂದೂರಿನ ಮನೆಗೂ ಹದಿನೈದು ವರ್ಷ ಓಡಾಡಿದವನಿಗೆ ಇಷ್ಟಾದರೂ ಒಲಿಯದಿದ್ದರೆ ಹೇಗೆ? ಇನ್ನೊಂದು, ಮಕ್ಕಳ ಹಾಲುಹಲ್ಲು ಕೀಳುವುದು. ನಮ್ಮ ಬೀದಿಯಲ್ಲಿ ಯಾವ ಮಗುವಿನ ಹಲ್ಲು ಅಲ್ಲಾಡಿದರೂ ನನಗೇ ಕರೆ. ದಾರ ಕಟ್ಟಿ, "ಅಗೋ ನೋಡ್ಲಾ, ಮಂಗ!" ಎಂದು ಸೂರಿನ ಕಡೆ ಕೈ ತೋರಿಸಿ, ಮಗು ತಲೆ ಎತ್ತುವಷ್ಟರಲ್ಲಿ ಎಳೆದುಬಿಡುತ್ತಿದ್ದೆ. ಹಲ್ಲನ್ನು ಸಗಣಿ ಉಂಡೆಯೊಳಗಿಟ್ಟು ಹೆಂಚಿನ ಮೇಲೆ ಎಸೆಯುವುದೂ ನನ್ನ ಕೈಯಿಂದಲೇ ಆಗಬೇಕು.

ಈ ಕೀರ್ತಿಯ ಅಮಲಿನಲ್ಲೇ, ಮಗಳು ಸಿಂಚನಾಳಿಗೆ ಏಳು ವರ್ಷವಾಗಿದ್ದಾಗ, ಹುಳುಕಾಗಿ ಸಡಿಲಗೊಂಡಿದ್ದ ಅವಳ ದವಡೆಯ ಹಾಲುಹಲ್ಲೊಂದನ್ನು ಕಿತ್ತೆ. "ಕಿತ್ತಾಕು ಮಗ, ಎಂಗೂ ಬೀಳೋ ಅಲ್ಲು" ಎಂದು ನಮ್ಮವ್ವನೂ ಅಪ್ಪಣೆ ಕೊಟ್ಟಿದ್ದಳು. ಎರಡು ವರ್ಷದ ಮೇಲೆ ನೋಡಿದರೆ ಹೊಸ ಹಲ್ಲಿನ ಸುಳಿವಿಲ್ಲ, ಅದು ಬರಬೇಕಾದ ಜಾಗವೂ ಮುಚ್ಚಿಹೋಗಿತ್ತು.

ಶನಿವಾರ ಹುಣಸೂರಿಗೆ ಬರುವ ಮಕ್ಕಳ ದಂತವೈದ್ಯೆ ಅವಳ ಬಾಯಿ ತೆಗೆಸಿದರು, ಕಚ್ಚಿಸಿದರು, ಕೆನ್ನೆ ಸರಿಸಿ ಮೇಲಿನ ಹಲ್ಲು ಕೆಳಗಿನದರ ಮೇಲೆ ಹೇಗೆ ಕೂರುತ್ತದೆಂದು ನೋಡಿದರು, ಎಕ್ಸ್‌ರೇ ತೆಗೆಸಿ ಹಲ್ಲುಗಳ ಅಚ್ಚನ್ನೂ ತೆಗೆದುಕೊಂಡರು. ಹೆಣ್ಣು ನೋಡಲು ಬಂದವರೂ ಇಷ್ಟು ಪರೀಕ್ಷಿಸುವುದಿಲ್ಲ. ಕೊನೆಗೆ, "ಈ ಹಲ್ಲು ಕಿತ್ತ ಡಾಕ್ಟ್ರು ಯಾರು?" ಎಂದರು. ನಾನು ಗೋಡೆಯ ಕ್ಯಾಲೆಂಡರ್ ಓದತೊಡಗಿದೆ.

"ನಮ್ಮಪ್ಪನೇ" ಎಂದಳು ಸಿಂಚನಾ, ಹೆಮ್ಮೆಯಿಂದ.

"ಹಾಲುಹಲ್ಲು ಒಳಗೆ ಬೆಳೀತಿರೋ ಹಲ್ಲಿಗೆ ಜಾಗ ಹಿಡಿದಿರುತ್ತೆ ಸಾರ್. ಅದು ಬೇಗ ಹೋಗಿದ್ದಕ್ಕೆ ಹಿಂದಿನ ಹಲ್ಲು ಮುಂದಕ್ಕೆ ವಾಲಿದೆ. ಹೀಗೇ ಬಿಟ್ಟರೆ ಹೊಸದು ಅಡ್ಡಾದಿಡ್ಡಿ ಬರುತ್ತೆ."

"ಅಂದ್ರೆ ಬಸ್ಸಲ್ಲಿ ಟವೆಲ್ ಆಕ್ದಂಗೆ, ಅಲ್ವಾ ಅಪ್ಪ?" ಎಂದಳು ಮಗಳು.

ಅಡ್ಡಹಲ್ಲಿನ ಮಾತು ಕೇಳಿದ ದಿನದಿಂದ ಅವಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯತೊಡಗಿದಳು. ಅದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ವಾಲಿದ ಹಲ್ಲನ್ನು ಹಿಂದಕ್ಕೆ ತಳ್ಳಲು ಡಾಕ್ಟ್ರು ಬಾಯೊಳಗೆ ಹಾಕಿಕೊಳ್ಳುವ, ಸ್ಪ್ರಿಂಗ್ ಇರುವ ಪುಟ್ಟ ಪ್ಲೇಟು ಕೊಟ್ಟರು. ಊಟಕ್ಕೆ ತೆಗೆದು, ತೊಳೆದು ಮತ್ತೆ ಹಾಕಬೇಕು. ಒಮ್ಮೆ ಅದು ಕಾಣದೆ ಮನೆಯೆಲ್ಲ ತಡಕಿದೆವು. ಅವ್ವ ಭದ್ರವಾಗಿರಲೆಂದು ದೇವರ ಗೂಡಿನಲ್ಲಿಟ್ಟು, ಕುಂಕುಮವನ್ನೂ ಇಟ್ಟಿದ್ದಳು. ಒಂದೂವರೆ ವರ್ಷ ಹುಡುಗಿ ಹಟ ಹಿಡಿದು ಹಾಕಿಕೊಂಡಳು.

ಮೊನ್ನೆ ಶನಿವಾರ ಡಾಕ್ಟ್ರು ಕನ್ನಡಿ ತೋರಿಸಿದರು. ಹೊಸ ಹಲ್ಲು ತನ್ನ ಜಾಗದಲ್ಲೇ ನೆಟ್ಟಗೆ ಮೊಳೆತಿತ್ತು! ನಾನು ಚುನಾವಣೆ ಗೆದ್ದವನಂತೆ ಬಸ್ ನಿಲ್ದಾಣಕ್ಕೆ ನಡೆದೆ. ಅದೇ ಹುಮ್ಮಸ್ಸಿನಲ್ಲಿ ಟವೆಲ್ ಎಸೆದೆ, ಗುರಿ ತಪ್ಪಲಿಲ್ಲ. ಆದರೆ ನಾವು ಹತ್ತುವಷ್ಟರಲ್ಲಿ ದಪ್ಪ ಮೀಸೆಯ ಒಬ್ಬರು ಟವೆಲನ್ನು ಕಂಬಿಗೆ ನೇತುಹಾಕಿ ಕೂತಿದ್ದರು.

"ನನ್ನ ಟವೆಲ್ ತೆಗೆಯೋಕೆ ನೀವ್ಯಾರ್ರೀ?"

"ಖಾಲಿ ಇತ್ತು ಕಣ್ರೀ, ಕೂತ್ಕಂಡೆ. ಟವೆಲ್ಲಿಗ್ಯಾಕೆ ಸೀಟು?"

ನಾನು ನ್ಯಾಯ, ಧರ್ಮ ಎಂದು ದನಿ ಏರಿಸುವಷ್ಟರಲ್ಲಿ ಸಿಂಚನಾ ನನ್ನ ಅಂಗಿ ಜಗ್ಗಿದಳು. "ಬುಡಪ್ಪ, ನೀನೂ ಇಂಗೇ ಅಲ್ವಾ ನನ್ ಅಲ್ಲು ಕಿತ್ತಿದ್ದು?" ಎಂದು ಬಾಯಿತುಂಬ ನಕ್ಕಳು. ಕೈ ಅಡ್ಡ ಬರಲಿಲ್ಲ.

ಮೀಸೆಯವರೂ ನಕ್ಕು, ಒಂದಿಷ್ಟು ಪಕ್ಕಕ್ಕೆ ಸರಿದು ಅವಳಿಗೆ ಜಾಗ ಕೊಟ್ಟರು. ನಾನು ಟವೆಲನ್ನು ಹೆಗಲಿಗೆ ಹಾಕಿಕೊಂಡು ರಾವಂದೂರಿನವರೆಗೂ ನಿಂತೇ ಬಂದೆ.