ಮಡಚಲೊಲ್ಲದ ಕೊಡೆ ಹಿಡಿದು ಕೊಚ್ಚಿಗೆ

ಕೊಡೆಯೊಂದು ಯಾವಾಗ ಕೈಕೊಡುತ್ತದೆ ಎಂಬುದನ್ನು ಅದು ಕೈಕೊಡುವ ಮೊದಲೇ ಹೇಳಬಲ್ಲವರು ಲೋಕದಲ್ಲಿ ಹೆಚ್ಚು ಮಂದಿ ಇಲ್ಲ. ನಾನು ಅವರಲ್ಲೊಬ್ಬಳು. ಕಳೆದ ಜೂನ್ ತಿಂಗಳವರೆಗೆ ಈ ಮಾತನ್ನು ತಲೆಯೆತ್ತಿ ಹೇಳುತ್ತಿದ್ದೆ.

ತಿರುವನಂತಪುರದ ಕಾಲೇಜೊಂದರಲ್ಲಿ ಗುಣಮಟ್ಟ ತಂತ್ರಜ್ಞಾನ ನನ್ನ ಸಂಶೋಧನೆಯ ವಿಷಯ. ಗುಂಡಿ ಒತ್ತಿದರೆ ಬಿಚ್ಚಿಕೊಳ್ಳುವ, ಇನ್ನೊಮ್ಮೆ ಒತ್ತಿದರೆ ಮಡಚಿಕೊಳ್ಳುವ ಕೊಡೆಗಳಿವೆಯಲ್ಲ, ಅವುಗಳ ಹಿಡಿಗೆ ಚಿಕ್ಕ ಸೆನ್ಸರ್ ಅಂಟಿಸಿ ಒಳಗಿನ ‘ಟಕ್’ ಎನ್ನುವ ಸದ್ದನ್ನು ಕಂಪ್ಯೂಟರಿಗೆ ಕೇಳಿಸುತ್ತೇನೆ. ಸದ್ದು ಕೇಳಿ ಕಂಪ್ಯೂಟರು ಕೊಡೆಯ ಆಯುಸ್ಸು ಹೇಳುತ್ತದೆ. ಇದಕ್ಕಾಗಿ ನಮ್ಮ ಪ್ರಯೋಗಾಲಯದಲ್ಲಿ ಒಂದು ಯಂತ್ರ ವರ್ಷಗಟ್ಟಲೆ ಕೊಡೆಗಳನ್ನು ಬಿಚ್ಚುತ್ತ, ಮಡಚುತ್ತ ಇತ್ತು. ನಾನು ಅದರೆದುರು ಕುಳಿತು ಗಂಭೀರವಾಗಿ ನೋಡುತ್ತ ಇದ್ದೆ.

ನನ್ನ ಗಂಡ ಸುರೇಶ ಕೊಚ್ಚಿಯಲ್ಲಿ ವಕೀಲ. ನಾವಿಬ್ಬರೂ ಕಾಸರಗೋಡಿನ ಕಡೆಯವರು. ಮಗಳು ಅದಿತಿ ಅಪ್ಪನ ಜೊತೆಗಿದ್ದು ಶಾಲೆಗೆ ಹೋಗುತ್ತಾಳೆ. ನಾವು ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರಿಸುತ್ತಾಳೆ. ನಾನು ಕಾಲೇಜಿನ ಹತ್ತಿರ ಶ್ರೀಕಾರ್ಯಂನ ಬಾಡಿಗೆ ಕೋಣೆಯಲ್ಲಿದ್ದು, ವಾರದ ಕೊನೆಗೆ ನೆಂಟಳ ಹಾಗೆ ಮನೆಗೆ ಹೋಗಿ ಬರುತ್ತಿದ್ದೆ. ಹೀಗಿರುವಾಗ ಕೊಚ್ಚಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಹುದ್ದೆಯೊಂದು ಖಾಲಿಯಾಯಿತು. ಸಂದರ್ಶನಕ್ಕೆ ಕರೆದರು. ನಿಮ್ಮ ಸಂಶೋಧನೆಯನ್ನು ಮಾಡಿ ತೋರಿಸಿ ಎಂದೂ ಹೇಳಿದರು. ಸಿಕ್ಕಿದರೆ ಮೂವರೂ ಒಂದೇ ಮನೆಯಲ್ಲಿ ಇರಬಹುದು. ಸುದ್ದಿ ಕೇಳಿದ ಅದಿತಿ ತನ್ನ ಕಪಾಟಿನ ಅರ್ಧವನ್ನು ನನ್ನ ಪುಸ್ತಕಗಳಿಗೆಂದು ಆಗಲೇ ಖಾಲಿ ಮಾಡಿದ್ದಳು.

ತೋರಿಸಲು ಎರಡು ನೀಲಿ ಕೊಡೆ ಆರಿಸಿದೆ. ಒಂದು ಗಟ್ಟಿಮುಟ್ಟಾದದ್ದು, ಹಸಿರು ಚೀಟಿ. ಇನ್ನೊಂದು ಯಂತ್ರಕ್ಕೆ ಸಿಕ್ಕಿ ಸವೆದು ಕೊನೆಯ ದಿನ ಎಣಿಸುತ್ತಿದ್ದದ್ದು, ಕೆಂಪು ಚೀಟಿ. ಹೊರಡುವ ಮುನ್ನಾದಿನ ಸಂಜೆ ನೋಡಿದರೆ ಚೀಟಿಗಳು ಅಂಚು ಎದ್ದು ಕೊಳಕಾಗಿ ಕಂಡವು. ದೊಡ್ಡವರ ಮುಂದೆ ಹೀಗೆ ಹೋಗುವುದೇ ಎಂದು ಎರಡನ್ನೂ ಕಿತ್ತು, ಅಂಟು ಕಾಣದಂತೆ ಒರೆಸಿದೆ. ಮಾದರಿಯ ಚೀಟಿ ತೆಗೆಯಬಾರದು ಎಂಬುದು ಈ ಶಾಸ್ತ್ರದ ಮೊದಲ ಪಾಠ. ಅದನ್ನು ಕಾಲೇಜಿನಲ್ಲಿ ಪ್ರತಿ ವರ್ಷ ಕಲಿಸುವವಳು ನಾನೇ.

ಬೆಳಿಗ್ಗೆ ಕಳಕ್ಕೂಟಂನಲ್ಲಿ ಬಸ್ಸಿಗೆ ಕಾಯುವಾಗ ಮಳೆ ಬಂತು. ಎರಡರಲ್ಲಿ ಹೊಸದರಂತೆ ಹೊಳೆಯುತ್ತಿದ್ದ ಕೊಡೆಯನ್ನು ತೆಗೆದು ಗುಂಡಿ ಒತ್ತಿದೆ. ಚೆನ್ನಾಗಿ ಬಿಚ್ಚಿಕೊಂಡಿತು. ಬಸ್ಸು ಬಂದಾಗ ಮತ್ತೆ ಒತ್ತಿದೆ. ಮಡಚಲಿಲ್ಲ. ಎರಡು ಕೈಯಿಂದ ಒತ್ತಿದೆ. ಆಗಲೂ ಇಲ್ಲ. ನನ್ನ ಹಿಂದಿದ್ದವರು ಕೊಡೆಯನ್ನೂ ನನ್ನನ್ನೂ ಓರೆಯಾಗಿಸಿ ಬಸ್ಸಿನೊಳಕ್ಕೆ ನೂಕಿದರು.

“ಚೇಚೀ, ಕುಡ ಮಡಕ್ಕೂ” ಎಂದ ಕಂಡಕ್ಟರ್. ಮಡಚುವುದಿಲ್ಲ ಎಂದೆ. ಹಟ ಹಿಡಿದಿದ್ದೇನೆ ಎಂದು ಅವನು ತಿಳಿದ. ನಾನಲ್ಲ, ಕೊಡೆ ಎಂದು ವಿವರಿಸಿದ ಮೇಲೆ ಹಿಂದಿನ ಸೀಟಿಗೆ ಕಳಿಸಿದ. ಪಕ್ಕದ ಗಂಡಸರು ಒಬ್ಬೊಬ್ಬರಾಗಿ ತಮ್ಮ ಬಲ ಪರೀಕ್ಷಿಸಲು ಮುಂದೆ ಬಂದರು. ಯಾರಿಗೂ ಮುಟ್ಟಗೊಡಲಿಲ್ಲ. ಇದು ಸವೆದ ಕೊಡೆಯೇ ಇರಬೇಕು, ನನ್ನ ವಿಧಾನ ಹೇಳಿದಂತೆಯೇ ಕೆಟ್ಟಿದೆ, ಹಾಗಾಗಿ ಇದು ಕೊಡೆಯಲ್ಲ, ಪುರಾವೆ ಎಂದು ನನಗೆ ನಾನೇ ಹೇಳಿಕೊಂಡೆ. ಕೊಲ್ಲಂ ದಾಟಿದ ಮೇಲೆ ಬಸ್ಸಿನ ಮಾಡು ಸೋರತೊಡಗಿತು. ಅಲ್ಲಿಯವರೆಗೆ ನನ್ನನ್ನು ದುರುಗುಟ್ಟಿ ನೋಡುತ್ತಿದ್ದ ಇಬ್ಬರು ಹೆಂಗಸರು ಮೆಲ್ಲನೆ ನನ್ನ ಕೊಡೆಯಡಿಗೆ ಸರಿದು ಕುಳಿತರು.

ಕೊಚ್ಚಿಯ ವೈಟ್ಟಿಲ ಬಸ್ ನಿಲ್ದಾಣದಲ್ಲಿ ಸುರೇಶ ಸ್ಕೂಟರ್ ತಂದು ಕಾಯುತ್ತಿದ್ದ. ಮಳೆ ನಿಂತಿತ್ತು. ನೆತ್ತಿಯ ಮೇಲೆ ಕೊಡೆ ಹಿಡಿದು ಬಸ್ಸಿನಿಂದ ಅಡ್ಡಡ್ಡವಾಗಿ ಇಳಿದ ಹೆಂಡತಿಯನ್ನು ಕಂಡು ಅವನು ನಗಲಿಲ್ಲ. ಅದು ಅವನ ದೊಡ್ಡ ಗುಣ.

“ಎಂತ ಇದು?”

ಕೆಟ್ಟಿದೆ, ಆದರೆ ಒಳ್ಳೆಯ ರೀತಿಯಲ್ಲಿ ಕೆಟ್ಟಿದೆ ಎಂದೆ. ಹಿಂದೆ ಹತ್ತಿ ಕೂರಲು ಹೋದೆ.

“ಸ್ಕೂಟರಿನಲ್ಲಿ ಕೊಡೆ ಬಿಡಿಸಿ ಕೂತ್ರೆ ಕೇಸಾಗ್ತದೆ. ನಾನೇ ವಕೀಲ ಮಾರಾಯ್ತಿ.”

ಕೊನೆಗೆ ಸ್ಕೂಟರನ್ನು ಅಲ್ಲೇ ಬಿಟ್ಟು ಆಟೋ ಹಿಡಿದೆವು. ನಾವಿಬ್ಬರು ಒಳಗೆ, ಕೊಡೆ ಮುಕ್ಕಾಲು ಹೊರಗೆ. ದಾರಿಯಲ್ಲಿ ಸುರೇಶ ಒಂದೇ ಮಾತು ಕೇಳಿದ, ಇನ್ನೊಂದು ಕೊಡೆ ಸರಿ ಇದೆ ತಾನೇ ಎಂದು. ಖಂಡಿತ ಎಂದೆ. ಎರಡರಲ್ಲಿ ಒಂದು ಸವೆದದ್ದಾದರೆ ಉಳಿದದ್ದು ಗಟ್ಟಿ. ಇದಕ್ಕೆ ಸಂಶೋಧನೆ ಬೇಕಿಲ್ಲ.

ಸಂದರ್ಶನದ ಕೋಣೆಯಲ್ಲಿ ಮೂವರು ಪರೀಕ್ಷಕರಿದ್ದರು. ನಡುವೆ ಬಿಳಿ ಕೂದಲಿನ, ಶಾಂತ ಮುಖದ ಹೆಂಗಸು ಅಧ್ಯಕ್ಷೆ. ಬಿಚ್ಚಿದ ಕೊಡೆಯೊಡನೆ ಒಳಬಂದ ನನ್ನನ್ನು ನೋಡಿ ಅವರು ಕಿಟಕಿಯತ್ತ ನೋಡಿದರು. ಹೊರಗೆ ಬಿಸಿಲಿತ್ತು. ನಾನು ಅಳುಕದೆ, ಇದು ಸವೆದ ಕೊಡೆ, ನಿರೀಕ್ಷೆಯಂತೆಯೇ ಕೆಟ್ಟಿದೆ ಎಂದು ಮೂಲೆಯಲ್ಲಿಟ್ಟೆ. ಆಮೇಲೆ ಎರಡನೆಯದನ್ನು ಮೇಜಿನ ಮೇಲಿಟ್ಟು, ಇದು ಗಟ್ಟಿ ಕೊಡೆ ಎಂದು ಪರಿಚಯಿಸಿ, ಸೆನ್ಸರ್ ಅಂಟಿಸಿ ಗುಂಡಿ ಒತ್ತಿದೆ. ಬಿಚ್ಚಿಕೊಂಡಿತು. ಮತ್ತೆ ಒತ್ತಿದೆ. ಮಡಚಿಕೊಂಡಿತು. ಕಂಪ್ಯೂಟರಿನ ಪರದೆ ಕೆಂಪಾಯಿತು. ಆಯುಸ್ಸು ಮುಗಿದಿದೆ, ಬಳಸಬೇಡಿ ಎಂದಿತು.

ಸೆನ್ಸರಿಗೆ ತೇವ ತಗಲಿರಬೇಕು, ಅದು ತಪ್ಪು ಹೇಳುತ್ತಿದೆ ಎಂದೆ.

ಅಧ್ಯಕ್ಷೆ ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು. “ಹಾಗಾದರೆ ನಾವು ನಂಬಬೇಕಾದದ್ದು ನಿಮ್ಮ ವಿಧಾನವನ್ನೋ, ನಿಮ್ಮನ್ನೋ?”

“ನನ್ನನ್ನು” ಎಂದು ಗುಂಡಿ ಒತ್ತಿದೆ.

ಕೊಡೆಯ ತಲೆ ಹಿಡಿಯಿಂದ ಕಳಚಿ ಹಾರಿತು. ಪರೀಕ್ಷಕರ ತಲೆಗಳ ಮೇಲೆ ಸಾಗಿ, ಗೋಡೆಗೆ ಬಡಿದು, ನೀಲಿ ಬಟ್ಟೆಯನ್ನು ಹರಡಿಕೊಂಡು ಒಬ್ಬರ ಮಡಿಲಿಗೆ ಬಿತ್ತು. ಹಿಡಿ ಮಾತ್ರ ನನ್ನ ಕೈಯಲ್ಲಿತ್ತು. ಸವೆದದ್ದು ಇದೇ ಎಂದು ನನಗಾಗ ಹೊಳೆಯಿತು. ಹಾಗಾದರೆ ಮೂಲೆಯಲ್ಲಿರುವ ಗಟ್ಟಿ ಕೊಡೆ ಯಾಕೆ ಕೆಟ್ಟಿತು?

ಅದೇ ಯೋಚನೆ ಅಧ್ಯಕ್ಷೆಗೂ ಬಂದಿತ್ತು. ಎದ್ದು ಹೋಗಿ, ಮೂಲೆಯಲ್ಲಿದ್ದ ಕೊಡೆಯ ಹಿಡಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಒಳಗಿನಿಂದ ಇನ್ನೂ ನೀರು ಜಿನುಗುತ್ತಿತ್ತು.

“ಈ ಕೊಡೆಗಳನ್ನು ಒದ್ದೆ ಮಾಡಿ ಪರೀಕ್ಷಿಸಿದ್ದೀರಾ?”

ಇಷ್ಟು ವರ್ಷಗಳಲ್ಲಿ ಒಂದು ದಿನವೂ, ಒಂದು ಹನಿಯೂ ಇಲ್ಲ.

“ಇಲ್ಲ. ನಮ್ಮ ಪ್ರಯೋಗಾಲಯದಲ್ಲಿ ಮಳೆ ಬರುವುದಿಲ್ಲ” ಎಂದೆ.

ಅವರು ಗದರಲಿಲ್ಲ. ವಿಧಾನ ನಂಬಬಹುದಾದದ್ದು, ಅದನ್ನು ಮಾಡಿದವರ ಮೇಲೆ ಇನ್ನಷ್ಟು ಪರೀಕ್ಷೆ ನಡೆಯಬೇಕು ಎಂದರು. ಒದ್ದೆ ಮಾಡಿ ನೋಡಿ, ಮುಂದಿನ ವರ್ಷ ಮತ್ತೆ ಬನ್ನಿ ಎಂದೂ ಸೇರಿಸಿದರು.

ಹೊರಗೆ ಬಂದಾಗ ಸುರೇಶ ನನ್ನ ಕೈಯಲ್ಲಿದ್ದ ಬರೀ ಹಿಡಿಯನ್ನು ನೋಡಿದ. ಅದಿತಿಗೆ ಏನು ಹೇಳಲಿ ಎಂದು ನಾನು ಕೇಳಿದೆ. ಕಣ್ಣು ತುಂಬಿ ಬಂತು.

“ಮುಂದಿನ ವರ್ಷ ಅಂತ ಹೇಳುವ. ಅವರು ಇಲ್ಲ ಅಂತ ಹೇಳ್ಲಿಲ್ಲ ಅಲ್ವಾ” ಎಂದ ಸುರೇಶ.

ಅದಿತಿಗೆ ಹಾಗೆಯೇ ಹೇಳಿದೆವು. ಅವಳು, ಕಪಾಟಿನ ಅರ್ಧ ಖಾಲಿಯೇ ಇರಲಿ ಎಂದಳು. ನಾನು ಆ ವಾರವೇ ಕೆಲಸ ಶುರು ಮಾಡಿದೆ. ಕಾಲೇಜಿನಲ್ಲಿ ನೀರಿನ ವ್ಯವಸ್ಥೆ ಆಗುವವರೆಗೆ ಕಾಯಲು ಮನಸ್ಸಾಗದೆ, ವಾರದ ಕೊನೆಗೆ ಕೊಚ್ಚಿಗೆ ಬಂದಾಗ ನಮ್ಮ ಬಚ್ಚಲುಮನೆಯಲ್ಲೇ ಶವರ್ ಬಿಟ್ಟು, ಅದರಡಿ ನಿಂತು ಕೊಡೆ ಬಿಚ್ಚುತ್ತ, ಮಡಚುತ್ತ ಇರುತ್ತೇನೆ. ಹೊರಗೆ ಸುರೇಶ ಟವೆಲ್ ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಕಾಯುತ್ತಾನೆ.

ಮೊನ್ನೆ ಭಾನುವಾರ ಪಕ್ಕದ ಮನೆಯ ಹೆಂಗಸು ಬಂದು ಅಮ್ಮ ಎಲ್ಲಿ ಎಂದು ವಿಚಾರಿಸಿದರು. ಅದಿತಿ ಬಾಗಿಲಲ್ಲಿ ನಿಂತು, ನಿತ್ಯದ ಸುದ್ದಿ ಎಂಬಂತೆ ಮಲಯಾಳದಲ್ಲಿ ಉತ್ತರಿಸಿದ್ದು ನನಗೆ ಒಳಗೇ ಕೇಳಿಸಿತು. ಅಮ್ಮ ಸ್ನಾನ ಮಾಡುತ್ತಿದ್ದಾಳೆ, ನೆನೆಯಬಾರದೆಂದು ಕೊಡೆ ಹಿಡಿದುಕೊಂಡಿದ್ದಾಳೆ ಎಂದಳು.